ತಾರೀಕಿಲ್ಲದ ಕಾಗದ

ಕಪಾಟಿನ ಎರಡನೇ ಅರೆ, ಎಡಗಡೆ, ಹಸಿರು ಫೈಲು.
ಬೀಗದ ಕೈ ನನ್ನಲ್ಲಿ.
ಬೊಲಿವಿಯಾದ ಈ ಎತ್ತರದ ಬಯಲಲ್ಲಿ
ಹನ್ನೊಂದು ವರ್ಷದಿಂದ ಊರಸಭೆಯ ನಡಾವಳಿ ಬರೆಯುವವಳು ನಾನು,
ಚಳಿಗೆ ಶಾಯಿ ಹೆಪ್ಪುಗಟ್ಟಿದರೆ
ಪೆನ್ನನ್ನು ಕಂಕುಳಲ್ಲಿಟ್ಟು ಕಾಯಿಸಿ ಬರೆಯುವವಳು.

ಫೈಲಿನೊಳಗೆ ಬಾಸಿಲಿಯಾ ತಿಕೋನಾಳ ರಾಜೀನಾಮೆ.
ಗೆಲ್ಲುವ ಮೊದಲೇ ಬರೆಸಿಕೊಂಡದ್ದು.
ಪಟ್ಟಿಯಲ್ಲಿ ಹೆಂಗಸಿನ ಹೆಸರಿರಬೇಕು ಎಂದಿತು ಕಾನೂನು;
ಹೆಸರಿದ್ದರೆ ಸಾಕಲ್ಲ ಎಂದರು ಇವರು.
‘ಅನಾರೋಗ್ಯದ ನಿಮಿತ್ತ, ಸ್ವಂತ ಇಚ್ಛೆಯಿಂದ’,
ಕೆಳಗೆ ಹೆಬ್ಬೆಟ್ಟು.
ಆಲೂಗಡ್ಡೆ ಅಗೆದ ಬೆರಳು,
ಗೆರೆಗಳ ಜೊತೆ ಬಿರುಕುಗಳೂ ಮೂಡಿವೆ.
ತಾರೀಕಿನ ಜಾಗ ಖಾಲಿ,
ಬೇಕೆಂದಾಗ ತುಂಬಿಕೊಳ್ಳಲು.

ಮೊದಲ ವರ್ಷ ಅವಳಿಗೆ ಬಾಗಿಲ ಪಕ್ಕದ ಕುರ್ಚಿ.
ಗಾಳಿ ಬಂದಾಗ ಎದ್ದು ಬಾಗಿಲು ಒತ್ತಿ ಹಿಡಿಯುವುದೂ ಅವಳೇ.
ನಾನು ಬರೆದದ್ದು ಪ್ರತಿ ಸಲ ಒಂದೇ ಸಾಲು:
‘ಸದಸ್ಯೆ ಹಾಜರಿದ್ದರು.’

ಎರಡನೇ ವರ್ಷ ಅವಳು ಕೇಳಿದಳು:
ಹೆರಿಗೆ ಕೋಣೆಗೆ ಬಾಗಿಲೆಲ್ಲಿ?
ಲೆಕ್ಕದಲ್ಲಿ ಎರಡಿವೆ. ಗೋಡೆಯಲ್ಲಿ ಒಂದೂ ಇಲ್ಲ.
ಕಂಬಳಿ ಇಳಿಬಿಟ್ಟು ಹೆರುತ್ತಿದ್ದಾರೆ.

ಮುಂದಿನ ಸಭೆಗೆ ಒಂದೇ ವಿಷಯ.
‘ಆ ಕಾಗದ ತೆಗಿ’ ಎಂದರು ಅಧ್ಯಕ್ಷ ಎವಾರಿಸ್ತೊ,
‘ಇವತ್ತಿನ ತಾರೀಕು ಹಾಕು.’
ಬಾಸಿಲಿಯಾ ಹ್ಯಾಟು ಸರಿಮಾಡಿಕೊಂಡಳು.
‘ಓದಲಿ. ಸ್ಪ್ಯಾನಿಷ್ ಬೇಡ, ಐಮಾರಾದಲ್ಲಿ.’
ಓದಿದೆ.
‘ಯಾವ ಕಾಯಿಲೆ?’
ಯಾರೂ ಉತ್ತರಿಸಲಿಲ್ಲ.
‘ಅಲ್ಲ, ಮನೆಗೆ ಹೋಗಿ ಏನೆನ್ನಲಿ? ಯಾವ ಕಷಾಯ ಕುಡಿಯಲಿ?’
‘ಸೊಂಟ’ ಎಂದ ಒಬ್ಬ. ‘ತಲೆ’ ಎಂದ ಇನ್ನೊಬ್ಬ.
ನಾಲ್ಕು ತಾಸು ನಡೆದು, ಬೆನ್ನಿಗೆ ಮೂಟೆ ಕಟ್ಟಿಕೊಂಡು
ಸಭೆಗೆ ಬಂದಿದ್ದ ಸೊಂಟ ಅದು.

ಆಗ ನನ್ನ ಬಾಯಿಂದ ಹೇಗೋ ಹೊರಬಿತ್ತು,
ಹನ್ನೊಂದು ವರ್ಷದಲ್ಲಿ ಮೊದಲ ಮಾತು:
‘ಸೊಂಟನೋವಿನ ಠರಾವಿಗೆ
ಸೂಚಕರು ಯಾರೆಂದು ಬರೆಯಲಿ? ಅನುಮೋದಕರು?’

ಒಬ್ಬ ಕೆಮ್ಮಿದ. ಒಬ್ಬ ಕೋಕಾ ಎಲೆಯ ಚೀಲಕ್ಕೆ ಕೈ ಹಾಕಿದ.
ಗಾಳಿಗೆ ಬಾಗಿಲು ಬಡಿಯುತ್ತಲೇ ಇತ್ತು. ಅವಳು ಏಳಲಿಲ್ಲ.
ಸಭೆ ಮುಂದೂಡಲಾಯಿತು.

ಗೆದ್ದೆವೆಂದು ಹೇಳಲಾರೆ.
ಕಾಗದ ಇನ್ನೂ ಅಲ್ಲೇ ಇದೆ. ನಿನ್ನೆ ಎವಾರಿಸ್ತೊನ ತಮ್ಮ
ಮನೆತನಕ ಬಂದು, ಚಹಾ ಕುಡಿದು,
ನನ್ನ ಕೆಲಸ ಖಾಯಂ ಅಲ್ಲವೆಂದು ನೆನಪಿಸಿ ಹೋದ.
ಹೆರಿಗೆ ಕೋಣೆಗೆ ಇನ್ನೂ ಕಂಬಳಿಯೇ.
ರಾತ್ರಿ ಅದು ಗಾಳಿಗೆ ಎತ್ತಿಕೊಂಡಾಗ
ಒಳಗಿನ ಕೂಗು ನನ್ನ ಕಿಟಕಿಯವರೆಗೆ ಬರುತ್ತದೆ.
ಎದ್ದು ದೀಪ ಹಚ್ಚಿ, ಪೆನ್ನು ಕಾಯಿಸಿಕೊಂಡು
ಹಳೆಯ ನಡಾವಳಿ ಪುಸ್ತಕದ ಕೊನೆಯ ಹಾಳೆಯಲ್ಲಿ
ಬರೆದಿಡುತ್ತೇನೆ:
ತಾರೀಕು. ಗಂಟೆ. ತಾಯಿಯ ಹೆಸರು.