ಟಿಕೀಟಿನ ಹಿಂಬದಿ

ಗದಗ ಡಿಪೋದಲ್ಲಿ ಮೂವತ್ತೊಂದು ವರ್ಷ
ತಲೆ ಎಣಿಸಿದವರು ಇವರು.
ಮದುವೆಯ ಪಂಕ್ತಿಯಲ್ಲೂ, ದವಾಖಾನೆಯ ಬೆಂಚಿನಲ್ಲೂ.
ಮೆಲ್ಬರ್ನಿನ ವಿಮಾನದಲ್ಲೂ ಬಿಡಲಿಲ್ಲ,
ಕೊನೆಯ ಸೀಟಿನ ತನಕ ಬೆರಳು ಮಡಚುತ್ತ ಹೋಗಿ ಬಂದು
‘ಇನ್ನೂರಾ ಎಂಬತ್ತೇಳು, ಎರಡು ಅರ್ಧ ಟಿಕೀಟು’
ಎಂದು ನನ್ನ ಕಿವಿಯಲ್ಲಿ ಹೇಳಿ
ಬೆಲ್ಟು ಕಟ್ಟಿಕೊಂಡರು.

ಸಾಹೇಬನೊಬ್ಬ ನಮ್ಮ ಗುರೆಳ್ಳು ಕಸಿದುಕೊಂಡ.
ಕಟಕ ರೊಟ್ಟಿಯನ್ನು ಹೆಂಚಿನಂತೆ ಬಡಿದು ನೋಡಿ
ನಕ್ಕು ಬಿಟ್ಟುಕೊಟ್ಟ.

ಅಲ್ಲಿಂದ ಮೂರು ತಾಸು, ವಾರ್ನಂಬೂಲ್.
ಕಡಲ ದಂಡೆಯ ಊರು. ಜುಲೈಯಲ್ಲಿ ಚಳಿ.
ತಂಗಿ ಸುಗಂಧಾ ಅಲ್ಲಿ ಮುದುಕರ ಮನೆಯಲ್ಲಿ ನರ್ಸು,
ರಾತ್ರಿ ಪಾಳಿ.
ಇಪ್ಪತ್ತಾರು ವರ್ಷವಾಗಿತ್ತು ಅವಳ ಮುಖ ನೋಡಿ.
ಅವ್ವ ಹೋದ ದಿನ ಫೋನಿನಲ್ಲಿ ಅತ್ತಳು,
ಎಸ್‌ಟಿಡಿ ಬೂತಿನ ಕೆಂಪು ಅಂಕಿ ಓಡುತ್ತಿತ್ತು.
‘ಸಾಕು, ಇಡು’ ಅಂದವಳು ನಾನು.

ಈಗ ಕೂದಲು ಕತ್ತರಿಸಿದ್ದಾಳೆ, ಕಾರು ಓಡಿಸುತ್ತಾಳೆ,
ಪಕ್ಕದ ಮನೆಯವರೊಂದಿಗೆ ಅವರಂತೆಯೇ ಮೂಗಿನಲ್ಲಿ ನಗುತ್ತಾಳೆ.
ಯಾರೋ ಬೇರೆಯವಳು, ಅಂದುಕೊಂಡೆ.
ಆಮೇಲೆ ಅಡುಗೆಮನೆಯಲ್ಲಿ, ನನಗೆ ಬೆನ್ನು ಮಾಡಿ,
‘ಅಕ್ಕಾ, ಆ ಬೋಗಾಣಿ ಕೊಡು,
ಗಂಗಾಳ ಅಲ್ಲೇ ಅದಾವ ನೋಡು’ ಎಂದಳು.

ಗಂಗಾಳ!
ನಮ್ಮ ಮನೆಯಲ್ಲಿ ಅದು ಪ್ಲೇಟಾಗಿ ಎಷ್ಟೋ ಕಾಲ.
ಅವ್ವನ ಜೊತೆಗೇ ಮಣ್ಣಿಗೆ ಹೋಯಿತೆಂದುಕೊಂಡ ಮಾತು
ಇಲ್ಲಿ ಮೈಕ್ರೊವೇವಿನ ಪಕ್ಕದಲ್ಲಿ
ತೊಳೆದು ಬೋರಲು ಹಾಕಿದಂತಿತ್ತು.
ಆಡಲು ಜೊತೆಗಾರರಿಲ್ಲದೆ
ಸವೆದೇ ಇರಲಿಲ್ಲ.

ರವಿವಾರ ಕಂಬದ ಬಂಡೆಗಳನ್ನು ನೋಡಲು ಹೋದೆವು.
ಸಮುದ್ರದೊಳಗೆ ನಿಂತ ಹಳದಿ ಕಲ್ಲುಗಳು,
ಹನ್ನೆರಡು ಮಂದಿ ಶಿಷ್ಯರಂತೆ, ಯೇಸುವಿನವರು.
ಇವರು ಎಣಿಸಿದರು. ಮತ್ತೆ ಎಣಿಸಿದರು.
ಕನ್ನಡಕ ಒರೆಸಿ ಎಣಿಸಿದರು.
‘ಎಂಟ ಅದಾವಲ್ಲ?’
ಮೊದಲು ಇವಕ್ಕೆ ಹಂದಿ, ಹಂದಿಮರಿ ಅನ್ನುತ್ತಿದ್ದರಂತೆ,
ಹನ್ನೆರಡು ಎಂದೂ ಇರಲೇ ಇಲ್ಲ, ಎಂದಳು ಸುಗಂಧಾ.
ಇವರ ಮುಖ ಕೆಂಪಾಯಿತು.
‘ವೇಬಿಲ್ಲಿನಾಗ ಹನ್ನೆರಡು, ಗಾಡ್ಯಾಗ ಎಂಟು!
ನಮ್ಮಲ್ಲಾದ್ರ ಚೆಕಿಂಗ್‌ನವ್ರು ಹತ್ತಿದ ಜಾಗದಾಗ
ಸಸ್ಪೆಂಡು.’
ನಾವಿಬ್ಬರೂ ಕಟಕಟೆ ಹಿಡಿದು ನಕ್ಕೆವು,
ಗಾಳಿಗೆ ನನ್ನ ಸೆರಗು ಹಾರಿ
ಒಬ್ಬ ಚೀನೀ ಹುಡುಗನ ಕ್ಯಾಮೆರಾದ ಮೇಲೆ ಬಿತ್ತು.

ಹಳೆಯ ಹಡಗುಗಳ ಮ್ಯೂಸಿಯಮ್ಮಿನಲ್ಲಿ
ಟಿಕೀಟು ಕೈಗೆ ಬಂದೊಡನೆ ಇವರು ತಿರುಗಿಸಿ ನೋಡಿದರು,
ಹಿಂದೆ ಬಾಕಿ ಬರೆದಿದ್ದಾರೋ ಎಂದು.
ಖಾಲಿ.
‘ಇವರ ಹತ್ರ ಚಿಲ್ಲರಿಗೆ ಬರ ಇಲ್ಲ ಬಿಡು.’

ಇನ್ನೊಂದು ಮುಂಜಾನೆ, ರಾತ್ರಿ ಪಾಳಿ ಮುಗಿಸಿ
ನಿದ್ದೆಗಣ್ಣಲ್ಲೇ ಅವಳು ಕರೆದೊಯ್ದಳು
ತಿಮಿಂಗಿಲಗಳು ಮರಿ ಹಾಕಲು ಬರುವ ದಂಡೆಗೆ.
ಮರದ ಅಟ್ಟ, ಫ್ಲಾಸ್ಕಿನಲ್ಲಿ ಚಹಾ.
ಒಂದು ತಾಸು ಬರೀ ನೀರು.
ಅವಳು ನನ್ನ ಭುಜಕ್ಕೆ ಒರಗಿ ಗೊರಕೆ ಹೊಡೆದಳು,
ಬಾಯಲ್ಲಿ ಔಷಧದ ವಾಸನೆ,
ಯಾವುದೋ ಮುದುಕಿಯ ಪೌಡರಿನ ವಾಸನೆ.
ಒಂದು ಕರಿ ಬೆನ್ನು ಎದ್ದಿತು, ಉಸಿರು ಬಿಟ್ಟಿತು.
ಅದರ ಮಗ್ಗುಲಲ್ಲಿ ಇನ್ನೊಂದು, ಸಣ್ಣದು.
‘ಒಂದೂವರಿ’ ಎಂದರು ಇವರು, ಪಿಸುದನಿಯಲ್ಲಿ.
ಅವಳನ್ನು ಎಬ್ಬಿಸಬೇಕೆನಿಸಲಿಲ್ಲ.

ಹೊರಡುವ ದಿನ ಏರ್‌ಪೋರ್ಟಿನ ಬಾಗಿಲಲ್ಲಿ
ಮಾತು ತೀರಿದಾಗ
ಚೀಲದಲ್ಲಿ ಆ ಮ್ಯೂಸಿಯಮ್ಮಿನ ಟಿಕೀಟು ಸಿಕ್ಕಿತು.
ಇವರ ಜೇಬಿನ ಪೆನ್ನು ತೆಗೆದು
ಹಿಂಬದಿಗೆ ‘ಬಾಕಿ’ ಎಂದು ಬರೆದು ಅವಳಿಗೆ ಕೊಟ್ಟೆ.
‘ಎಷ್ಟು ಅಂತ ಬರಿ,
ಹಂಗ ಕೊಟ್ರ ಯಾರೂ ಒಪ್ಪೂದಿಲ್ಲ’ ಎಂದರು ಇವರು.
ನಾನು ಪೆನ್ನಿನ ಟೋಪಿ ಹಾಕಿದೆ.
ಅವಳು ಓದಿ, ನಾಲ್ಕು ಮಡಿಕೆ ಮಾಡಿ
ಫೋನಿನ ಕವರಿನೊಳಗೆ ಸಿಕ್ಕಿಸಿಕೊಂಡಳು.
ಹಿಂದೆ ಟ್ಯಾಕ್ಸಿಯವನು ಹಾರ್ನು ಹೊಡೆಯುತ್ತಿದ್ದ.