ನರಿಯ ದನಿ

ಸಿನಿಮಾ ನೋಡುವ ಮೊದಲೇ ನಾವು
ಆ ನರಿಯನ್ನು ಸಾವಿರ ಸಲ ಸಾಯಿಸಿದ್ದೆವು.

ತ್ಬಿಲಿಸಿಯ ಅಂಚಿನ ಗ್ಲ್ದಾನಿ, ಒಂಬತ್ತನೇ ಮಹಡಿ,
ಲಿಫ್ಟು ನಿಂತು ಎರಡು ಚಳಿಗಾಲ.
ಸೀಮೆಎಣ್ಣೆಗೆಂದು ಇಟ್ಟಿದ್ದ ದುಡ್ಡಿನಲ್ಲಿ
ಸಂತೆಯಿಂದ ಅಪ್ಪ ತಂದದ್ದು ಒಂದು ಹಳದಿ ಆಟದ ಕ್ಯಾಸೆಟ್ಟು.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ, ಅಂದಳು ಅಜ್ಜಿ.
ಅಪ್ಪ ತಲೆ ಸವರಿಕೊಂಡ.
ಅವನಿಗೆ ಜುಟ್ಟೂ ಇರಲಿಲ್ಲ.

ಕ್ಯಾಸೆಟ್ಟಿನ ಮೇಲೆ ಸಿನಿಮಾದ ಚಿತ್ರ:
ಕೆಂಪು ಕೋಟಿನ ನರಿ, ಹರಿದ ಒಂದು ಕಿವಿ,
ಕೈಯಲ್ಲಿ ಕೊಡೆ, ಬೆನ್ನ ಹಿಂದೆ ಹೊತ್ತಿ ಉರಿಯುವ ಹಡಗು.
ದೂರದ ಯಾವುದೋ ದೇಶದ ಮಕ್ಕಳು
ನೋಡಿ, ನಕ್ಕು, ಮರೆತೂ ಬಿಟ್ಟಿದ್ದ ಸಿನಿಮಾ.
ನಮ್ಮ ಟಿವಿಯಲ್ಲಿ ಮೂಡಿದ್ದು
ಹನ್ನೆರಡು ಕಿತ್ತಳೆ ಚೌಕ, ನಾಲ್ಕು ಕಪ್ಪು ಚೌಕ.
ಕೊಡೆ ಇದೆಯೆಂದು ನಂಬಬೇಕಿತ್ತು.
ನಂಬಿದೆವು.

ಕರೆಂಟು ನಮ್ಮದಲ್ಲ.
ಮೂರನೇ ಮಹಡಿಯ ತೆಂಗಿಜ್ ಮಾವ
ಆಸ್ಪತ್ರೆಯ ಲೈನಿನಿಂದ ಕದ್ದು ಎಳೆದಿದ್ದ ತಂತಿ
ಕಿಟಕಿಯಿಂದ ಕಿಟಕಿಗೆ, ಬಟ್ಟೆ ಒಣಹಾಕುವ ಹಗ್ಗದ ಹಾಗೆ.
ದಿನಕ್ಕೆ ನಲವತ್ತು ನಿಮಿಷ, ಕೆಲವೊಮ್ಮೆ ಹತ್ತು.
ಆಟಕ್ಕೆ ನೆನಪಿಲ್ಲ;
ಪ್ರತಿ ಸಲವೂ ಮೊದಲಿನಿಂದ,
ಪ್ರತಿ ಸಲವೂ ಅದೇ ಬಂದರು, ಅದೇ ಇಲಿಗಳ ದಂಡು.

ಆ ಆಟಕ್ಕೆ ಮಾತೂ ಇರಲಿಲ್ಲ, ಬರೀ ಟುಂಯ್, ಟುಂಯ್.
ದನಿ ಕೊಟ್ಟವನು ನನ್ನ ತಮ್ಮ ವಾಝಾ,
ಏಳು ವರ್ಷ, ಸದಾ ನೆಗಡಿ,
ಹಳೆಯ ಬಾಗಿಲಿನ ತಿರುಗಣಿಯಂಥ ಗಂಟಲು:
'ಹೆದರಬೇಡಿ ಇಲಿಗಳೇ, ಇವತ್ತು ನನಗೆ ಹಸಿವಿಲ್ಲ.'
ಸುಳ್ಳು. ನಮ್ಮೆಲ್ಲರಿಗೂ ಹಸಿವಿತ್ತು.

ಏಳನೆಯ ಹಂತ ಒಂದು ಸೇತುವೆ.
ಹಲಗೆಗಳು ಉದುರುತ್ತವೆ; ಎಣಿಸಿ ಜಿಗಿಯಬೇಕು,
ಒಂದು, ಎರಡು, ಬಿಟ್ಟು, ನಾಲ್ಕು.
ಅಲ್ಲಿಗೆ ಸರಿಯಾಗಿ, ಯಾರೋ ಕಾದು ಕುಳಿತವರಂತೆ,
ಕರೆಂಟು ಹೋಗುತ್ತಿತ್ತು.
ಪರದೆ ಮುದುಡಿ ಮುದುಡಿ ಒಂದು ಬಿಳಿ ಚುಕ್ಕೆ.
ಆರುವ ಮುನ್ನ ಅದನ್ನು ಮುಟ್ಟಲು ನಮ್ಮಿಬ್ಬರಿಗೂ ಜಗಳ.

ಆಮೇಲೆ ಕತ್ತಲು,
ಕತ್ತಲಲ್ಲಿ ವಾಝಾ ಆಟ ನಿಲ್ಲಿಸುತ್ತಿರಲಿಲ್ಲ.
'ಜಿಗಿದೆ. ಕೊಡೆ ಬಿಚ್ಚಿದೆ. ಇಗೋ ಆಚೆ ದಡ.'
ಆಚೆ ದಡದಲ್ಲಿ ಒಂದು ದಿನ ರೊಟ್ಟಿಯ ಅಂಗಡಿ, ಸಾಲೇ ಇಲ್ಲ;
ಒಂದು ದಿನ ಬೆಚ್ಚನೆಯ ಬಸ್ಸು;
ಒಂದು ದಿನ ಏನೂ ಇಲ್ಲ, ಹಿಮ,
ಹಿಮದಲ್ಲಿ ಇನ್ನೊಂದು ನರಿಯ ಹೆಜ್ಜೆ.
ಮೂಲೆಯ ಕಂಬಳಿಯೊಳಗಿಂದ ಅಜ್ಜಿ:
'ಹೂಂ... ಆಮೇಲೆ?'

ಕಳೆದ ಮಾರ್ಚಿನಲ್ಲಿ ಆ ಹಳೆಯ ಸಿನಿಮಾ
ಹೊಸದಾಗಿ ತೊಳೆದ ಬಣ್ಣದಲ್ಲಿ ನಮ್ಮೂರಿಗೆ ಬಂತು.
ಮಗಳು ಕೇತೋಳನ್ನು ಕರೆದುಕೊಂಡು ಹೋದೆ.
ಕೋಟು ನಿಜವಾಗಿ ಕೆಂಪು. ಕೊಡೆ ನಿಜವಾಗಿ ಕೊಡೆ.
ನರಿ ಬಾಯಿ ತೆರೆಯಿತು:
ಜೇನಿನಲ್ಲಿ ಅದ್ದಿದ ಯಾರದೋ ಗಂಡು ದನಿ.
ಸೀಟಿನಿಂದ ಅರ್ಧ ಎದ್ದೇಬಿಟ್ಟಿದ್ದೆ.
ಹಿಂದಿನವರು ಉಸ್ಸೆಂದರು.

ಒಂದೂವರೆ ಗಂಟೆಯಲ್ಲಿ ಅದು ಒಮ್ಮೆಯೂ ಸಾಯಲಿಲ್ಲ.
ಬಿದ್ದರೆ ಹುಲ್ಲಿನ ಮೆದೆ, ಮುಳುಗಿದರೆ ಡಾಲ್ಫಿನ್.
ನನಗೇಕೋ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ.

ಹೊರಗೆ ಬಂದವಳೇ ವಾಝಾಗೆ ಫೋನು ಹಚ್ಚಿದೆ.
ಬತೂಮಿ ಬಂದರಿನಲ್ಲಿ ಕ್ರೇನು ನಡೆಸುತ್ತಾನೆ ಈಗ,
ಹಡಗುಗಳ ಮೇಲೆ, ಆಕಾಶದ ಗೂಡಿನಲ್ಲಿ.
ಬೇರೇನೂ ಕೇಳಲಿಲ್ಲ ಅವನು:
'ಸೇತುವೆಯಾಚೆ ಏನಿತ್ತು?'
'ಸಿನಿಮಾದಲ್ಲಿ ಸೇತುವೆಯೇ ಇಲ್ಲ ಕಣೋ.'
ಗಾಳಿ. ಎಲ್ಲೋ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು.
'ಅದನ್ನು ಆಟ ಮಾಡಿದವರು ಸೇರಿಸಿದ್ದಿರಬೇಕು.'
'ಹೂಂ,' ಅಂದ. 'ಮಗುವಿಗೆ ಕೊಡು.'

ಕೇತೋ ಕಿವಿಗೊಟ್ಟಳು.
ನನಗೂ ಕೇಳಿಸಿತು, ಮೂವತ್ತು ವರ್ಷ ತುಕ್ಕು ಹಿಡಿದ ತಿರುಗಣಿ:
'ಹೆದರಬೇಡ ಇಲಿಮರಿ, ಇವತ್ತು ನನಗೆ ಹಸಿವಿಲ್ಲ.'

ಅವಳು ಹುಬ್ಬು ಗಂಟಿಕ್ಕಿ
ಫೋನು ನನ್ನ ಕೈಗೆ ತುರುಕಿದಳು:
'ಅಮ್ಮಾ, ಇದು ಯಾರೋ ಬೇರೆ.
ನರಿಯ ದನಿ ಹೀಗಿಲ್ಲ.'