ನೀರಿಗೆ ಬೀಳುವ ಹುಳ

ವರ್ಷಕ್ಕೊಮ್ಮೆ ಬಲದ್ ಸೈತಿನ ಫಲಜಿಗೆ ರಜೆ.
ಬೆಟ್ಟದ ಬಾಯಿಗೆ ಗೋಣಿ, ಹರಕು ಕಂಬಳಿ, ಕೆಸರು ತುರುಕಿ
ನೀರನ್ನು ವಾದಿಯ ಕಡೆ ತಿರುಗಿಸಿ
ಮೂರು ಹಗಲು ನಾನು ಕಾಲುವೆಯೊಳಗೆ ಕುಕ್ಕುರುಗಾಲಲ್ಲಿ
ಪಾಚಿ ಕೆರೆಯುತ್ತೇನೆ.
ಮೀಟರಿಗೆ ಇಷ್ಟೆಂದು ಕೂಲಿ.
ಅಳೆಯುವವನು ವಕೀಲ್ ಮುಹನ್ನಾ.
ಇಲ್ಲಿ ವಕೀಲನೆಂದರೆ ಕೋರ್ಟಿನವನಲ್ಲ, ನೀರಿನವನು;
ಯಾರ ಖರ್ಜೂರಕ್ಕೆ ಎಷ್ಟು ಹೊತ್ತು ಹರಿಯಬೇಕೆಂದು
ಹಗಲು ಕೋಲಿನ ನೆರಳು ನೋಡಿ, ರಾತ್ರಿ
ಗುಡ್ಡದಂಚಿಗೆ ಏರುವ ನಕ್ಷತ್ರ ನೋಡಿ ತೀರ್ಪು ಕೊಡುವವನು.
ಈಗ ಕೈಗಡಿಯಾರವೂ ಇದೆ.
ಅದನ್ನೂ ನಕ್ಷತ್ರಕ್ಕೇ ಸರಿಮಾಡಿಕೊಳ್ಳುತ್ತಾನೆ.

ಎರಡನೆಯ ಹಗಲು, ಇಳಿಜಾರಿನಲ್ಲಿ,
ನೀರಿದ್ದಾಗ ಕಾಲು ನಿಲ್ಲದಷ್ಟು ಓಡುವಲ್ಲಿ,
ಇನ್ನೂ ತೇವವಿದ್ದ ಕಲ್ಲಿಗೆ ಅಂಟಿದ ಮಾಸಲು ತೇಪೆಗಳು.
ಜೇಡನದೆಂದುಕೊಂಡೆ.
ಕರಣೆಯ ತುದಿ ಕೊಟ್ಟು ಎಬ್ಬಿಸಿದರೆ
ಒಳಗೊಂದು ಮರಿಹುಳ, ಅಕ್ಕಿಕಾಳಿಗಿಂತ ತುಸು ಉದ್ದ,
ಮೈಯ ಎರಡೂ ಬದಿ ಬಿಳಿ ದಾರದ ಕುಚ್ಚು.
"ಪಾಪ, ನೀರಿಗೆ ಬಿದ್ದಿದೆ" ಎಂದೆ.
"ಬಿದ್ದದ್ದಲ್ಲ, ಇರುವುದೇ ಅಲ್ಲಿ" ಎಂದ ವಕೀಲ್.
"ಆ ದಾರಗಳೇ ಅದರ ಮೂಗು.
ನೀನೀಗ ಕಿತ್ತದ್ದು ಬಾಗಿಲು."

ನನ್ನುಮ್ಮ ಉಳ್ಳಾಲದ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು.
ಎಲೆ ಸುರುಳಿ ಸುತ್ತಿ, ತುದಿಯ ಅಂಚನ್ನು
ತಗಡಿನ ಉಗುರಿನಿಂದ ಒಳಕ್ಕೆ ಒತ್ತಿ ಮಡಚುವುದು.
ಅದೇ ಮಡಿಕೆ ಇಲ್ಲಿ, ಕಲ್ಲಿನ ಮೇಲೆ, ರೇಷ್ಮೆಯಲ್ಲಿ.
ಸುತ್ತಲೂ ಬಿಗಿ. ಒಂದೆರಡು ಕಿಂಡಿ ಮಾತ್ರ,
ನೀರು ಹೊಕ್ಕು ಹೊರಡಲಿಕ್ಕೆ.
ಸಾವಿರ ಕಟ್ಟಿದರೆ ನೂರು ಬಿಸಾಡುತ್ತಿದ್ದ ಬ್ರಾಂಚಿನ ಚೆಕ್ಕರ್
ಇದರಲ್ಲಿ ಒಂದನ್ನೂ ತೆಗೆದುಹಾಕಲಾರ.

ಬೆಳಗಿನಿಂದ ಕೆರೆದದ್ದು ನಲವತ್ತು ಮೀಟರು.
ಮೀಟರಿಗೆ ಎಷ್ಟು ಮನೆ ಎಂದು ಲೆಕ್ಕ ಮಾಡಲಿಲ್ಲ.

ಒಂದು ಕಲ್ಲನ್ನು ಪೇಂಟಿನ ಬಕೆಟ್ಟಿಗೆ ಹಾಕಿ ಖೋಲಿಗೆ ತಂದೆ.
ಒಳ್ಳೆಯ ನೀರು, ಕಾಸು ಕೊಟ್ಟ ಬಾಟಲಿಯದು.
ಬೆಳಗ್ಗೆ ಹುಳ ಗೂಡಿನಿಂದ ಹೊರಬಂದು ಸೆಟೆದು ಮಲಗಿತ್ತು.
ಓಡದ ನೀರಿನಲ್ಲಿ ಅದಕ್ಕೆ ಉಸಿರಿಲ್ಲವಂತೆ.
ವಕೀಲ್ ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ಮೂರನೆಯ ಹಗಲು ಅವನೇ ಕೋಲೂರಿಕೊಂಡು ಹತ್ತಿ
ಗೋಣಿಯೊಂದನ್ನು ಸಡಿಲಿಸಿ, ಬೆರಳು ಗಾತ್ರ ನೀರು ಬಿಟ್ಟ.
ಇಳಿಜಾರಿನ ಗೋಡೆಯ ನೆತ್ತಿಗೆ ಇದ್ದಿಲಿನಲ್ಲಿ ಎರಡು ಗೆರೆ ಎಳೆದ.
ಇಲ್ಲಿಂದ ಇಲ್ಲಿಯವರೆಗೆ ಕೆರೆಯಬೇಡ.
ಕೂಲಿ?
"ಕೆರೆದಂತೆಯೇ ಬರೆದುಕೊಳ್ಳುತ್ತೇನೆ, ಹಸನಬ್ಬ.
ಇದು ಅದರ ಪಾಲು."
ಆಮೇಲೆ ತುಸು ತಡೆದು,
"ಪುಸ್ತಕದಲ್ಲಿ ಹೆಸರಿಲ್ಲ, ಅಷ್ಟೇ."

ನೀರು ಬಿಟ್ಟ ಎಂಟನೆಯ ರಾತ್ರಿ ಟಾರ್ಚ್ ಹಿಡಿದು ಹೋದೆ.
ದೀಪಕ್ಕೆ ಬೀಳುವ ಹುಳುಗಳನ್ನೇ ನೋಡಿ ಬೆಳೆದವನು ನಾನು,
ಬೆಳಗಾದರೆ ಚಿಮಣಿಯ ಸುತ್ತ ರೆಕ್ಕೆ ಗುಡಿಸಿದವನು.
ಇದು ಬೆಳಕಿನ ಕಡೆ ತಿರುಗಲೇ ಇಲ್ಲ.
ಬೂದು ಮೈ. ಹಿಂದಿನ ರೆಕ್ಕೆಯ ಅಂಚಿಗೆ
ಸುರುಮದ ಕಡ್ಡಿಯಿಂದ ಇಟ್ಟಂಥ ಚುಕ್ಕಿಸಾಲು.
ಇದ್ದಿಲು ಗೆರೆಗಳ ನಡುವೆ ಕೂತು,
ರೆಕ್ಕೆ ಮಡಚಿ, ತಲೆ ಕೆಳಗೆ ಮಾಡಿ
ಬಾವಿಯ ಮೆಟ್ಟಿಲಿಳಿಯುವ ಹಾಗೆ
ನೀರೊಳಕ್ಕೆ ನಡೆದು ಹೋಯಿತು.
ಮೈ ಸುತ್ತ ಗಾಳಿಯ ಬೆಳ್ಳಿ ಪೊರೆ.
ಕಲ್ಲಿಗೆ ಒಂದು ಮೊಟ್ಟೆ ಒತ್ತಿತು. ಸರಿದು ಇನ್ನೊಂದು.
ನಾನೂ ಉಸಿರು ಕಟ್ಟಿ ಎಣಿಸಿದೆ.
ಐವತ್ತೆರಡಕ್ಕೆ ಸೋತು ಬಾಯಿ ತೆರೆದೆ.
ಅದು ಇನ್ನೂ ಕೆಳಗೇ ಇತ್ತು.

ತೋಟದ ಕಡೆ ಹಲಗೆ ಎತ್ತಿದ ಸದ್ದು,
ಒಬ್ಬರ ಪಾಲು ಮುಗಿದು ಇನ್ನೊಬ್ಬರದು ಶುರು.
ನಾನು ಟಾರ್ಚ್ ಆರಿಸಿದೆ,
ಬಾಗಿಲು ಮುಂದೆ ಮಾಡುವ ಹಾಗೆ, ಮೆಲ್ಲಗೆ.